ಬಾಣಂತಿ ಕೋಣೆಯ ಗೋಡೆ

ಅವರು ಯಾದಗಿರಿಗೆ ಹೊರಟ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಸುರಿಯಾಗಿದ್ದರಿಂದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಅತ್ತೆ ಒಂದು ಮಣೆ ಕೊಟ್ಟಿದ್ದರು. ಮಣೆಯ ಮೇಲೆ ಕಾಲು ಚಾಚಿ ಕೂತು, ಹೆಂಚಿನ ಮೇಲೆ ರೊಟ್ಟಿ ಉಬ್ಬುವುದನ್ನೇ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ಪಡಸಾಲೆಯಲ್ಲಿ ಅವರು ರುಮಾಲು ಸುತ್ತಿಕೊಳ್ಳುತ್ತಿದ್ದರು. ಬಟ್ಟೆ ಒದರಿದ ಸದ್ದು ಕೇಳಿಸಿತು. ಆಮೇಲೆ ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತಾಯಿಯೊಡನೆ ಮಾತಿಗೆ ಶುರುಮಾಡಿದರು.

"ಯವ್ವಾ, ಅಂಗಡಿ ಮ್ಯಾಲಿನ ಹಲಗಿ ಈ ಸಲ ಕನ್ನಡದಾಗ ಬರಸ್ತೀನಿ."

"ಬರಸಪಾ. ನಿನಗ ಓದಾಕ ಬರ್ತದೇನು?"

"ನನಗ್ಯಾಕ ಬರಬೇಕಬೇ? ಬಂದ ಗಿರಾಕಿಗಿ ಬಂದ್ರ ಸಾಕು."

"ತನ್ನ ಅಂಗಡಿ ಹೆಸರು ತನಗೇ ಓದಾಕ ಬರಾಂಗಿಲ್ಲ ಅಂತ ಪ್ಯಾಟಿ ಮಂದಿ ನಗ್ತಾರ."

"ಓದಿದಾಕಿ ಒಬ್ಬಾಕಿ ಮನ್ಯಾಗ ಅದಾಳಲ್ಲ. ಕಲಸ್ತಾಳ ಬಿಡು."

ಓದಿದಾಕಿ ಎಂದರೆ ನಾನು. ಸುರಪುರದಲ್ಲಿ ಮಠದ ಜಗಲಿಯ ಮೇಲೆ ಕೂತು ನಾಲ್ಕನೆಯ ತರಗತಿವರೆಗೆ ಕನ್ನಡ ಕಲಿತಿದ್ದೆ. ಅವರು ಕಲಿತದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ರಾಜ್ಯ ಹೋಗಿ ಒಂದೆರಡು ವರ್ಷವಾಗಿತ್ತು. ಶಹಾಪುರದ ಪೇಟೆಯಲ್ಲಿ ಒಂದೊಂದೇ ಹಲಗೆ ಕನ್ನಡಕ್ಕೆ ತಿರುಗುತ್ತಿತ್ತು. ದಾರ, ಬಾಚಣಿಗೆ, ಕನ್ನಡಿ, ಕುಂಕುಮ, ಲಾಟೀನಿನ ಬತ್ತಿ ಮಾರುವ ನಮ್ಮ ಸಣ್ಣ ಅಂಗಡಿಯ ಹಲಗೆ ಇನ್ನೂ ಹಾಗೇ ಇತ್ತು.

ನಾನು ನಕ್ಕೆ. ರೊಟ್ಟಿಯ ಕಡೆ ನೋಡಿಕೊಂಡು ನಕ್ಕೆ. ಈ ಮನೆಗೆ ಕಾಲಿಟ್ಟ ದಿನವೇ ಅತ್ತೆ ನನ್ನನ್ನು ಒಳಗೆ ಕರೆದು, "ಗಂಡನ ಮಾರಿಗಿ ಮಾರಿ ಕೊಟ್ಟು ನೋಡಬ್ಯಾಡವಾ, ಆಯುಷ್ಯ ಕಡಿಮಿ ಆಗ್ತದ" ಎಂದಿದ್ದರು. ಮಾರಿ ಎಂದರೆ ನಮ್ಮ ಕಡೆ ಮುಖ. ಆ ಮಾತನ್ನು ನಾನು ಪಾಲಿಸಿದ್ದೆ. ಹಗಲು ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ. ರಾತ್ರಿ ಅವರು ಒಳಗೆ ಬರುವ ಮೊದಲೇ ದೀಪ ಆರಿಸಿರುತ್ತಿದ್ದೆ. ನನ್ನ ವಾರಿಗೆಯ ಹೆಣ್ಣುಮಕ್ಕಳೆಲ್ಲ ಹಾಗೆಯೇ ಇದ್ದದ್ದರಿಂದ ಅದರಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಬುತ್ತಿ ಕಟ್ಟಿ ಹೊಸ್ತಿಲ ಮೇಲಿಟ್ಟೆ. ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು. "ಬರ್ತೀನಿ" ಎಂದರು. ಕಾಲ್ಮರಿ ಮೆಟ್ಟಿದ ಪಾದಗಳು ಅಂಗಳ ದಾಟಿ ಹೋದವು. ಅಂಗಡಿಗೆ ಬೇಕಾದ ಸಾಮಾನು ಯಾದಗಿರಿಯ ರೈಲಿನಲ್ಲಿ ಬರುತ್ತಿತ್ತು. ಅದನ್ನು ಬಿಡಿಸಿಕೊಂಡು ಮರುದಿನ ಗಾಡಿಯಲ್ಲಿ ತರುವುದು ಅವರ ವಾಡಿಕೆ. ಆವತ್ತಿನ ದಿನದಲ್ಲಿ ಬೇರೇನೂ ಇರಲಿಲ್ಲ. ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದೆ. ಸಂಜೆ ಕುರಿಗಳು ಧೂಳೆಬ್ಬಿಸಿಕೊಂಡು ಓಣಿಯಲ್ಲಿ ಹಾದುಹೋದವು.

ಯಾದಗಿರಿಯಲ್ಲಿ ಕಾಲರಾ ಇತ್ತು. ನಮಗೆ ಗೊತ್ತಿರಲಿಲ್ಲ. ಸಾಮಾನಿನ ಗಾಡಿ ಬಂತು, ಅವರು ಬರಲಿಲ್ಲ. ಗಾಡಿಯವನು ಓಣಿಯ ಬಾಯಲ್ಲೇ ನಿಂತು, ಹತ್ತಿರ ಬರದೆ, ಕೂಗಿ ಹೇಳಿದ: "ಅಲ್ಲೇ ಮಣ್ಣು ಮಾಡ್ಯಾರ್ರಿ. ಇಲ್ಲಿಗಿ ತರಾಕ ಬಿಡಲಿಲ್ರಿ."

ಹೀಗೆ ಕೊನೆಯ ಮುಖವೂ ನನಗೆ ಸಿಗಲಿಲ್ಲ. ಅವರದೊಂದು ಫೋಟೋ ಇರಲಿಲ್ಲ. ಹೊಟ್ಟೆಯೊಳಗಿದ್ದ ಮಗುವಿಗೆ ಅಪ್ಪ ಹೇಗಿದ್ದ ಎಂದು ತೋರಿಸಬೇಕು ಎನ್ನುವುದು ಮುಂದೆ ನನ್ನ ಹಟವಾಯಿತು. ಬಾಳಿನಲ್ಲಿ ನಾನು ಬಿಡದೆ ಹಿಡಿದ ಹಟ ಅದೊಂದೇ. ಹೋದ ಮಾಘದಲ್ಲಿ ಅತ್ತೆಯೂ ತೀರಿಕೊಂಡ ಮೇಲೆ ಅದನ್ನು ಬರೆದಿಡಬೇಕು ಅನ್ನಿಸಿದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ಹೋಗಿದ್ದರು. ಅಪ್ಪ ಸುರಪುರದಿಂದ ಗಾಡಿ ಕಟ್ಟಿಕೊಂಡು ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಇದೊಂದ ಉಳದದ್ರಿ ನನಗ. ಇಲ್ಲೇ ಹಡೀಲಿ" ಎಂದರು. ಅಪ್ಪ ನೀರು ಕುಡಿದು, ಖಾಲಿ ಗಾಡಿ ಹೊಡೆದುಕೊಂಡು ಹೋದರು. ದಸರೆ ಕಳೆದ ಮೇಲೆ ಮಗಳು ಹುಟ್ಟಿದಳು.

ಜೋಳದ ಚೀಲಗಳನ್ನು ಇಡುತ್ತಿದ್ದ ಒಳಕೋಣೆಯೇ ಬಾಣಂತಿ ಕೋಣೆಯಾಯಿತು. ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣ. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ದುಂಡನೆಯ ಬೆಳಕಿಂಡಿ ಮಾತ್ರ ಇತ್ತು. ಮಳೆ ಬಂದರೆ ಅದರ ಮೇಲೆ ಒಡೆದ ಗಡಿಗೆಯನ್ನು ಬೋರಲು ಹಾಕುತ್ತಿದ್ದರು. ನಾನು ಮಲಗುವ ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಲೋಬಾನ. ಹೊಗೆ ಸುತ್ತಿ ಸುತ್ತಿ ಮೇಲೇರಿ ಆ ಕಿಂಡಿಯಲ್ಲಿ ಹೊರಗೆ ಹೋಗುತ್ತಿತ್ತು. ಅದೇ ಕಿಂಡಿಯಿಂದ ಬೆಳಕು ಒಳಗೆ ಬರುತ್ತಿತ್ತು. ಎರಡೂ ದಾರಿಯಲ್ಲಿ ಎದುರಾಗಿ ಸ್ವಲ್ಪ ಹೊತ್ತು ನಿಂತು ಮಾತಾಡಿದಂತೆ ಕಾಣುತ್ತಿತ್ತು.

ಬೆಳಿಗ್ಗೆ ಆ ಬೆಳಕು ಪಡುವಣ ಗೋಡೆಯ ನೆತ್ತಿಯ ಮೇಲೆ ತಂಬಿಗೆಯ ಬಾಯಿಯಷ್ಟು ದೊಡ್ಡದಾಗಿ ಮೂಡುತ್ತಿತ್ತು. ಹೊತ್ತೇರಿದಂತೆ ಮೆಲ್ಲಗೆ ಇಳಿದು, ಚೀಲಗಳನ್ನು ಹಾದು, ನನ್ನ ಹೊರಸಿಗೆ ಬಂದು, ಮಗುವಿನ ಕಾಲ ಮೇಲೆ ಕೂತು, ಆಮೇಲೆ ನೆಲ ದಾಟಿ ಎದುರು ಗೋಡೆ ಹತ್ತುತ್ತಿತ್ತು. ನಾನು ಬೇರೆ ಏನನ್ನೂ ಮಾಡುವಂತಿರಲಿಲ್ಲ. ಮಲಗಿ ಅದನ್ನು ನೋಡುತ್ತಿದ್ದೆ. ಎಷ್ಟೋ ಸಲ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಎದೆಯ ಮೇಲೆ ಮಗು ಉಸಿರಾಡುವಾಗ ಅದರ ನೆತ್ತಿ ಮೇಲೆ ಕೆಳಗೆ ಆಗುತ್ತಿತ್ತು. ಗೋಡೆಯ ಮೇಲಿನ ಬೆಳಕೂ ಹಾಗೇ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಅಳಬೇಕೆಂದು ಹೊರಟರೆ ಅಳು ಅರ್ಧ ದಾರಿಯಲ್ಲಿ ಮರೆತುಹೋಗುತ್ತಿತ್ತು.

ಅತ್ತೆ ಕಾಡಿಗೆ ಮಾಡುತ್ತಿದ್ದರು. ಔಡಲೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆಯನ್ನು ಬೋರಲಿಟ್ಟು, ಕೂತ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲೆಸಿ ಒಂದು ಹಿತ್ತಾಳೆಯ ಡಬ್ಬಿಗೆ ತುಂಬುತ್ತಿದ್ದರು. ಮಾತು ಬಿಟ್ಟೇಹೋಗಿದ್ದ ಆ ದಿನಗಳಲ್ಲಿ ಅವರು ಮಗುವಿನ ಮುಂದೆ ಮಾತ್ರ ಬಾಯಿ ಬಿಡುತ್ತಿದ್ದರು. "ಬಾರವಾ ನನ ಬಂಗಾರ, ದೃಷ್ಟಿ ಆದೀತು" ಎಂದು ಗಲ್ಲಕ್ಕೊಂದು, ಅಂಗಾಲಿಗೊಂದು ಬೊಟ್ಟು ಇಡುತ್ತಿದ್ದರು.

ಹಡೆದ ಮೂರನೆಯ ದಿನ ನಾನೇ ಮಗುವಿಗೆ ಕಾಡಿಗೆ ಹಚ್ಚಿ ಬೆರಳನ್ನು ಗೋಡೆಗೆ ಒರೆಸಿದೆ. ಎಲ್ಲ ಹೆಂಗಸರೂ ಹಾಗೆಯೇ ಒರೆಸುತ್ತಾರೆ. ಯಾವ ಮನೆಯ ಅಡುಗೆ ಗೋಡೆ ನೋಡಿದರೂ ಅರಿಶಿನದ ಬೆರಳು, ಎಣ್ಣೆಯ ಬೆರಳು ಕಾಣುತ್ತವೆ. ಆದರೆ ಆ ದಿನ ಬೆಳಕು ಅಲ್ಲೇ ಪಕ್ಕದಲ್ಲಿತ್ತು. ಒರೆಸಿದ ಗುರುತು ಬಾಲವಿಲ್ಲದ ಅಳಿಲಿನಂತೆ ಕಂಡಿತು. ನೋಡಿದೆ. ಇನ್ನೊಮ್ಮೆ ಡಬ್ಬಿಗೆ ಬೆರಳದ್ದಿ ಬಾಲ ಹಾಕಿದೆ. ಬಾಲ ಹಾಕುವಾಗ ಉಸಿರು ಹಿಡಿದುಕೊಂಡಿದ್ದೆ. ಅವರು ಹೋದ ಮೇಲೆ ಅವರನ್ನು ನೆನೆಯದೆ ನಾನು ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು. ಹೆದರಿಕೆಯಾಯಿತು. ಕೈಯನ್ನು ಕೌದಿಯೊಳಗೆ ಎಳೆದುಕೊಂಡು ಮಲಗಿಬಿಟ್ಟೆ. ಕಣ್ಣು ಮುಚ್ಚಿದರೂ ಅಳಿಲು ಅಲ್ಲೇ ಇತ್ತು.

ಮಗು ಹುಟ್ಟಿದ ಐದನೆಯ ದಿನ ನಮ್ಮಲ್ಲಿ ಶೆಟಿಗೆವ್ವನ ಪೂಜೆ. ಆ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಅದಕ್ಕಾಗಿ ಮಗುವಿನ ತಲೆಯ ಹತ್ತಿರ ಒಂದು ಬಿಳಿ ಹಾಳೆ, ಮಸಿಯ ದವತಿ, ಲೇಖನಿ ಇಡಬೇಕು. ಸಂಜೆ ಪಕ್ಕದ ಮನೆಯ ಚಿಗವ್ವ ಕೈಜೋಡಿಸಲು ಬಂದಿದ್ದಳು. ಅವಳ ಬಾಯಿ ಎಲ್ಲಿಯೂ ನಿಲ್ಲುವಂಥದಲ್ಲ.

"ಯಕ್ಕಾ, ದವತಿ ಯಾವ ಬಾಜೂಕ ಇಡ್ಲಿ? ಬಲಕೋ, ಎಡಕೋ?"

"ಎಲ್ಲರ ಇಡು. ಯಾಕ?" ಎಂದರು ಅತ್ತೆ.

"ಉರ್ದು ಬರಿಯಾಕಿ ಇದ್ರ ಬಲಕಿನಿಂದ ಚಾಲೂ ಮಾಡ್ತಾಳ. ಕನ್ನಡದಾಕಿ ಇದ್ರ ಎಡಕಿನಿಂದ. ಕೈಗಿ ಸಿಗಬೇಕಲ್ಲ."

"ಶೆಟಿಗೆವ್ವ ನಿಜಾಮನಕಿಂತ ಮೊದಲಿನಾಕಿ."

"ಮೊದಲಿನಾಕಿ ಖರೆ. ಆದ್ರ ಇಷ್ಟು ದಿನ ಹೊಲದ ಕಾಗದಾ, ಕಚೇರಿ ಕಾಗದಾ ಎಲ್ಲಾ ಉರ್ದುದಾಗೇ ಇದ್ವು. ಹಣಿಬರ ಒಂದ ಕನ್ನಡದಾಗ ಇತ್ತೇನು? ಅದಕ್ಕ ನಮಗ ಯಾರಿಗೂ ಓದಾಕ ಬರಲಿಲ್ಲ."

ಅತ್ತೆ ನಕ್ಕುಬಿಟ್ಟರು. ಮಗ ಹೋದ ಮೇಲೆ ಮೊದಲ ಸಲ. ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ನಗೆ ಎಲ್ಲಿ ನಿಂತಿತು, ಅಳು ಎಲ್ಲಿ ಹತ್ತಿತು ಎಂದು ಕತ್ತಲೆಯಲ್ಲಿ ನನಗೆ ತಿಳಿಯಲಿಲ್ಲ. ಕೊನೆಗೆ ಚಿಗವ್ವ ದವತಿಯನ್ನು ಹಾಳೆಯ ನಡುವಿನಲ್ಲಿಟ್ಟು, "ಆಕಿ ಪುಣ್ಯಾ, ಹ್ಯಾಂಗ ಬೇಕಾದ್ರ ಹಂಗ ಬರೀಲಿ" ಎಂದು ಹೋದಳು.

ಮರುದಿನ ಬೆಳಕು ಮೂಡುವಾಗ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಅತ್ತೆ ಬಾಗಿಲ ಹೊರಗೆ ಇನ್ನೂ ಮಲಗಿದ್ದರು. ಅಳಿಲಿನ ಪಕ್ಕದಲ್ಲಿ ಸುಣ್ಣ ಖಾಲಿಯಿತ್ತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸದೆ ಬೆರಳು ಕಾಡಿಗೆಗೆ ಹೋಯಿತು. ಹೊಸ್ತಿಲ ಆಚೆ ಬಿಟ್ಟಿರುತ್ತಿದ್ದ ಅವರ ಕಾಲ್ಮರಿಗಳನ್ನು ಬರೆದೆ. ಒಂದು ನೆಟ್ಟಗೆ, ಇನ್ನೊಂದು ಸ್ವಲ್ಪ ಓರೆ. ಬಲಗಾಲಿನದರ ಮೂತಿ ಸವೆದು ಮೇಲೆ ತಿರುಗಿತ್ತು, ಅದನ್ನೂ ಹಾಗೆಯೇ ಬರೆದೆ. ಬೆರಳು ಎಲ್ಲಿಯೂ ತಡೆಯಲಿಲ್ಲ. ಮುಗಿದ ಮೇಲೆ ಮಗುವಿನ ಜೊತೆ ನನಗೂ ನಿದ್ದೆ ಬಂತು.

ಎಚ್ಚರವಾದಾಗ ಅತ್ತೆ ಗೋಡೆಗೆ ಕೈಮುಗಿದು ನಿಂತಿದ್ದರು. ಅವರಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಹಾಳೆ ಬೆಳ್ಳಗೇ ಇತ್ತು. ಗೋಡೆಯ ಮೇಲೆ ಕರಿಯ ಬರಹ.

"ಹಾಳಿ ಬಿಟ್ಟು ಗ್ವಾಡಿಗಿ ಬರದಾಳ ನೋಡವಾ," ಎಂದು ಪಿಸುಗುಟ್ಟಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೊರ ತಂದು, ಅದರ ಬೆನ್ನ ಮೇಲೆ ಇದ್ದಿಲಿನಿಂದ ಆ ಗುರುತುಗಳನ್ನು ಹಾಗೆಹಾಗೇ ಇಳಿಸಿಕೊಂಡು ಹೊರಗೆ ನಡೆದರು. ಬಾಣಂತಿ ಕೋಣೆಯೊಳಗೆ ಗಂಡಸರು ಬರುವಂತಿಲ್ಲವಲ್ಲ, ಅದಕ್ಕೆ ಮೊರ. ನಮ್ಮ ಓಣಿಯಲ್ಲಿ ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಮುನ್ಷಿ ಸಾಹೇಬರಿದ್ದರು. ಕಚೇರಿಯಲ್ಲಿ ಉರ್ದು ಕಡಿಮೆಯಾಗುತ್ತ ಅವರ ಕೆಲಸವೂ ಕಡಿಮೆಯಾಗಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಅವರು ಬಂದು ಕೂತದ್ದು ನನಗೆ ಒಳಗಿನಿಂದಲೇ ಕೇಳಿಸಿತು.

"ಅಕ್ಕಾ, ಇದು ಉರ್ದು ಅಲ್ರಿ," ಎಂದರು ಸಾಹೇಬರು.

"ಮತ್ತ ಕನ್ನಡ ಏನ್ರಿ?"

"ಕನ್ನಡ ನಾನೂ ಈಗ ಕಲಿಯಾಕತ್ತೀನ್ರಿ. ಠ-ತನಕ ಬಂದೀನಿ. ಅಲ್ಲಿತನಕ ಇಂಥಾ ಅಕ್ಷರ ಬಂದಿಲ್ಲ. ಮುಂದ ಬರ್ತದೋ ಏನೋ ಅಲ್ಲಾಗೇ ಗೊತ್ತು."

"ಫಾರಸಿ?"

"ಅಲ್ರಿ." ಮೊರವನ್ನು ತಿರುಗಿಸಿದ ಸದ್ದಾಯಿತು. ಇನ್ನೊಮ್ಮೆ ತಿರುಗಿಸಿದರು. "ಹಿಂಗ ಹಿಡದ್ರ ಕಾಲ್ಮರಿ ಕಂಡಂಗ ಕಾಣಸ್ತಾವ್ರಿ ಅಕ್ಕಾ. ಬಲಗಾಲಿಂದು ಮೂತಿ ಸವದದ."

ಸಾಹೇಬರು ಮೆಲ್ಲಗೆ ಕೆಮ್ಮಿ ಎದ್ದು ಹೋದರು. ಅತ್ತೆ ಒಳಗೆ ಬಂದವರೇ ನನ್ನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳು ಕರ್ರಗಿತ್ತು.

"ಅವನವು," ಎಂದರು.

"ಹೌದ್ರಿ ಅತ್ತಿ. ಒರಸಲೇನ್ರಿ?"

"ಬ್ಯಾಡ."

ನೆಲದ ಮೇಲೆ ಕೂತರು. ಬಹಳ ಹೊತ್ತು ಗೋಡೆ ನೋಡಿದರು. ಬೈಗುಳ ಬರುತ್ತದೆ ಎಂದು ನಾನು ಕಾದಿದ್ದೆ.

"ಮಾರೀನೂ ಬರೀ," ಎಂದರು ಆಮೇಲೆ. "ಕೂಸಿಗಿ ಅಪ್ಪನ ಮಾರಿ ಬ್ಯಾಡೇನು?"

"ನನಗ ಬರಾಂಗಿಲ್ರಿ."

"ಕಾಲ್ಮರಿ ಬಂದಾವಲ್ಲ. ಮಾರಿ ಯಾಕ ಬರಾಂಗಿಲ್ಲ?"

"ಕಾಲು ದಿನಾ ನೋಡೀನ್ರಿ. ಮಾರಿ ನೋಡಿಲ್ಲ."

"ನೋಡಿಲ್ಲಂದ್ರ?"

"ನೀವ ಹೇಳಿದ್ರಲ್ರಿ, ಮಾರಿಗಿ ಮಾರಿ ಕೊಟ್ಟು ನೋಡಬಾರದಂತ."

ಅವರ ಕಣ್ಣು ನನ್ನ ಮೇಲೆಯೇ ನಿಂತಿತು. ಮಗು ಒಂದು ಸಲ ಆಕಳಿಸಿತು. "ಹೇಳಿದ್ದನ್ನೆಲ್ಲಾ ಅಷ್ಟೂ ಕೇಳ್ತಾರೇನು," ಎಂದರು ಅವರು. ಆಮೇಲೆ ತಾವೇ ಅಂದರು: "ನಾನೂ ಕೇಳಿದ್ದೆ. ನಿಮ್ಮ ಮಾವನ ಮಾರಿ ನಾನು ಸರಿಯಾಗಿ ನೋಡಿದ್ದು ಅವರು ಸತ್ತ ದಿನ. ನಿನಗ ಅದೂ ಇಲ್ಲ."

ಆ ದಿನದಿಂದ ನಾವಿಬ್ಬರೂ ಆ ಕೆಲಸಕ್ಕೆ ಕೂತೆವು. ಅತ್ತೆ ಹೇಳುವುದು, ನಾನು ಬರೆಯುವುದು. ಮುಖ ಬರಬೇಕಾದ ಜಾಗವನ್ನು ಅಳಿಲಿಗಿಂತ ಮೇಲೆ, ಬೆಳಿಗ್ಗೆ ಬೆಳಕು ಬೀಳುವಲ್ಲಿ ಗುರುತು ಮಾಡಿಕೊಂಡೆ. ಹುಬ್ಬಿನ ಹತ್ತಿರವೇ ಜಗಳ ಬಂತು.

"ಹುಬ್ಬು ದಪ್ಪ ಹಾಕು. ಗಲ್ಲಾ ಉಬ್ಬಿರಬೇಕು."

"ಉಬ್ಬಿದ್ವೇನ್ರಿ? ಸೆರಗಿನ ಸಂದಿನಾಗ ಒಂದೆರಡು ಸಲಾ ಕಂಡಿತ್ತು, ಗಲ್ಲಾ ಒಳಗ ಇದ್ದಂಗ ಇತ್ತು."

"ನಾನು ಹಡದಾಕಿ. ನನಗ ಗೊತ್ತಿಲ್ಲೇನು? ಉಬ್ಬಿದ್ವು."

"ಯಾವಾಗ್ರಿ?"

ಯೋಚಿಸಿದರು. "ಅಂಗಿ ಹಾಕ್ಕೊಳಾಕ ಅಳ್ತಿದ್ನಲ್ಲ, ಆವಾಗ."

ಅವರ ಕಣ್ಣಿನಲ್ಲಿ ಮಗ ಬೆಳೆದಿರಲೇ ಇಲ್ಲ. ದೊಡ್ಡವನಾದ ಮೇಲೆ ಅವನು ಎದುರಿಗೆ ಕೂತು ಉಂಡಿದ್ದಾನೆ, ಮಾತಾಡಿದ್ದಾನೆ, ಆದರೆ ಅವರು ಕಂಡದ್ದು ಹಳೆಯ ಮುಖವನ್ನೇ. ಅವರು ಹೇಳಿದಂತೆ ಬರೆದರೆ ರುಮಾಲು ಸುತ್ತಿದ ಒಂದು ಚಿಕ್ಕ ಹುಡುಗ ಬಂದ. ಇಬ್ಬರೂ ನೋಡಿ ನಕ್ಕೆವು. ಒರೆಸಿದೆ. ಅತ್ತೆ ಆಮೇಲೆ ಹೊರಗೆ ಹೋಗಿ ಸುಮ್ಮನೆ ಕಸ ಗುಡಿಸಿದರು, ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ.

ಮುಖ ಬರದಿದ್ದರೂ ಗೋಡೆ ತುಂಬುತ್ತ ಹೋಯಿತು. ರುಮಾಲಿನ ತುದಿ ಹಿಡಿದ ಕೈ ಬಂತು. ಬುತ್ತಿ ಎತ್ತಿಕೊಳ್ಳುವ ಬೆರಳುಗಳು ಬಂದವು. ಅಂಗಳ ದಾಟುವ ಬೆನ್ನು, ಅಂಗಿಯ ಹಿಂದಿನ ಮಡಿಕೆ, ಕುತ್ತಿಗೆಯ ಹತ್ತಿರ ಬೆವರು ಇಳಿದ ಗೆರೆ. ಇಷ್ಟೆಲ್ಲ ನಾನು ನೋಡಿದ್ದೆ ಎಂದು ಬೆರಳು ತೋರಿಸಿಕೊಡುವತನಕ ನನಗೇ ಗೊತ್ತಿರಲಿಲ್ಲ.

ನೋಡುವುದು ಆಗ ಹತ್ತಿದ ಚಟ. ಮಗಳ ಹಿಮ್ಮಡಿಯಲ್ಲಿ ನೀರು ನಿಂತಂಥ ಹೊಳಪು. ಮೈಗೆ ಎಣ್ಣೆ ಹಚ್ಚಿದಾಗ ಬೆನ್ನ ಮೇಲೆ ಬೆಳಕಿಂಡಿ ಸಣ್ಣದಾಗಿ ಮೂಡುವುದು. ಜೋಳದ ಹಿಟ್ಟಿನ ಕೈಯನ್ನು ಅತ್ತೆ ಸೀರೆಗೆ ಒರೆಸಿಕೊಂಡರೆ ಅಲ್ಲಿ ಒಂದು ಬಿಳಿಯ ಮರ ಏಳುವುದು. ಬೂದಿಯಲ್ಲಿ ತಿಕ್ಕಿದ ತಂಬಿಗೆಯೊಳಗೆ ನಮ್ಮ ಇಡೀ ಅಂಗಳ ದುಂಡಗೆ ಬಗ್ಗಿ ಕೂತಿರುವುದು. ಮಾಳಿಗೆಯ ಮೇಲೆ ಕಾಗೆ ನಡೆದರೆ ಬೆಳಕಿಂಡಿಯ ಬಾಯಲ್ಲಿ ಅದರ ನೆರಳು ಬಂದು, ನಮ್ಮ ಗೋಡೆಯ ಮೇಲೆ ದೊಡ್ಡ ಹಕ್ಕಿಯೊಂದು ಹೆಜ್ಜೆ ಹಾಕಿ ಹೋಗುತ್ತಿತ್ತು. ಮಗಳು ಅಳು ನಿಲ್ಲಿಸಿ ಅದನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತಿದ್ದಳು. ಹಾಲು ಕುಡಿಯುತ್ತ ಕಣ್ಣರಳಿಸಿ ಅವಳು ಗೋಡೆ ನೋಡುವಾಗ, ಅವಳು ನೋಡುತ್ತಿರುವುದು ನಾನು ಮಾಡಿದ ಊರನ್ನು ಅನ್ನಿಸಿ ಮೈ ಬೆಚ್ಚಗಾಗುತ್ತಿತ್ತು. ದುಃಖ ಹೋಗಿರಲಿಲ್ಲ. ಅದು ಕೋಣೆಯ ಮೂಲೆಯ ಜೋಳದ ಚೀಲದಂತೆ ತನ್ನ ಜಾಗದಲ್ಲಿ ಕೂತಿತ್ತು, ನಾನು ಅದಕ್ಕೆ ಒರಗಿಕೊಂಡೇ ಬರೆಯುತ್ತಿದ್ದೆ.

ಕೋಣೆಯಿಂದ ಹೊರಗೆ ಬಂದ ಮೇಲೆ ಬಣ್ಣಗಳೂ ಸಿಕ್ಕವು. ಗುಡ್ಡದ ಬುಡದ ಕೆಮ್ಮಣ್ಣು, ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಅವರೆ ಸೊಪ್ಪಿನ ರಸ. ಚಿಗವ್ವನ ಸೊಸೆ ಹಡೆದಾಗ ಚಿಗವ್ವ ಬಂದು, "ನಮ್ಮ ಕೂಸು ಸುಮ್ಮನಿರಂಗಿಲ್ಲ, ನಮ್ಮ ಗ್ವಾಡಿಗೀ ಏನರ ಬರದು ಕೊಡ" ಎಂದಳು. ಅವಳ ಬೀಗಿತಿ ಅಲ್ಲೇ ನಿಂತಿದ್ದವಳು, "ಗಂಡ ಇಲ್ಲದಾಕಿ ಕೈಲೆ ಬಾಣಂತಿ ಕ್ವಾಣ್ಯಾಗ..." ಎಂದು ಮಾತು ಎಳೆದಳು. ನಾನು ಒಳಗೆ ಹೋಗಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು.

"ಕೂಸಿಗಿ ಅದೆಲ್ಲಾ ತಿಳೀತದೇನ್ರಿ ಬೀಗಿತಿ? ಅದು ಗ್ವಾಡಿ ನೋಡ್ತದ, ನಗ್ತದ. ನಿಮಗ ಬ್ಯಾಡಾದ್ರ ನೀವು ಆ ಕಡಿ ಮಾರಿ ಮಾಡಿ ಕುಂದರ್ರಿ."

ಹೀಗೆ ಓಣಿಯ ಕೆಲವು ಬಾಣಂತಿ ಕೋಣೆಗಳಲ್ಲಿ ನನ್ನ ಅಳಿಲು, ಕಾಗೆ, ಕುರಿಹಿಂಡು ನಡೆದಾಡಿದವು. ಮನುಷ್ಯರನ್ನು ನಾನು ಯಾರ ಗೋಡೆಗೂ ಬರೆಯಲಿಲ್ಲ. ಮೊದಲು ಅವರ ಮುಖ ಬರಲಿ, ಆಮೇಲೆ ಉಳಿದವರದು ಎಂದುಕೊಂಡಿದ್ದೆ.

ಮಗಳು ಮಾತು ಕಲಿತ ಮೇಲೆ ಒಮ್ಮೆ ಅವಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ನಮ್ಮ ಶಹಾಪುರದ ಗುಡ್ಡ ಕಂಡಿತು. ದಿನಾ ಕಾಣುವ ಗುಡ್ಡವೇ. ಸಂಜೆಯಾಗಿದ್ದರಿಂದ ಬಂಡೆಗಳ ವಿವರವೆಲ್ಲ ಅಳಿಸಿಹೋಗಿ ಆಕಾಶದ ಮುಂದೆ ಅಂಚೊಂದೇ ಉಳಿದಿತ್ತು. ಅಂಗಾತ ಮಲಗಿದ ಗಂಡಸಿನ ಹಣೆ, ಮೂಗು, ತುಟಿ, ಗದ್ದ. ಕತ್ತಲೆಯಲ್ಲಿ ನನ್ನ ಪಕ್ಕದಲ್ಲಿ ಅವರು ಹೀಗೆಯೇ ಮಲಗಿರುತ್ತಿದ್ದರು. ಬಾಗಿಲ ಸಂದಿಯಿಂದ ಬೆಳದಿಂಗಳು ಬಂದ ರಾತ್ರಿ ಆ ಅಂಚಿನಷ್ಟು ನಾನು ಕಂಡಿದ್ದೆನಲ್ಲ.

ಮನೆಗೆ ಬಂದು, ಕಾಲಿಗೂ ನೀರು ಹಾಕಿಕೊಳ್ಳದೆ, ದೀಪದ ಬೆಳಕಿನಲ್ಲೇ ಒಂದೇ ಗೆರೆಯಲ್ಲಿ ಬರೆದೆ. ಹಣೆಯಿಂದ ಗದ್ದದವರೆಗೆ. ಅತ್ತೆಯನ್ನು ಕರೆದೆ. ಅವರು ಹತ್ತಿರ ಬಂದು ನೋಡಿದರು, ದೂರ ಹೋಗಿ ನೋಡಿದರು.

"ಚಲೋ ಅದಾನ," ಎಂದರು. "ಆದ್ರ ನನ್ನ ಮಗ ಅಲ್ಲ."

ಮಗಳನ್ನು ಎತ್ತಿಕೊಂಡು ಗೋಡೆಯ ಮುಂದೆ ನಿಲ್ಲಿಸಿ ಕೇಳಿದೆ, "ಯಾರವಾ ಇವ್ರು?"

ಅವಳು ಕತ್ತು ಓರೆ ಮಾಡಿ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ತಪ್ಪು ಹೇಳಿದರೆ ನನಗೆ ಬೇಜಾರಾಗುತ್ತದೇನೋ ಎಂಬಂತೆ, ಮೆಲ್ಲಗೆ ಹೇಳಿದಳು: "ಇದು ಗುಡ್ಡ ಅಲ್ಲೇನಬೇ?"

ಅತ್ತೆ ನಗುತ್ತ ಕೂತುಬಿಟ್ಟರು. ನಾನೂ ನಕ್ಕೆ. ಮಗಳೂ ನಮ್ಮನ್ನು ನೋಡಿ ನಕ್ಕಳು. ಗುಡ್ಡದ ಮೇಲೆ ಒಂದು ಗಿಡ ಬೇಕು ಎಂದು ಹಟ ಮಾಡಿದಳು. ಮೂಗಿನ ತುದಿಯ ಮೇಲೆ ಒಂದು ಬೇವಿನ ಗಿಡ ಬರೆದುಕೊಟ್ಟೆ.

ವರ್ಷಕ್ಕೊಮ್ಮೆ ದೀಪಾವಳಿಗೆ ಸುಣ್ಣ ಬಳಿಯುತ್ತಿದ್ದೆವು. ಎಲ್ಲ ಹೋಗುತ್ತಿತ್ತು. ಸುಣ್ಣ ಒಣಗುವತನಕ ಅತ್ತೆಗೆ ತಾಳ್ಮೆ ಇರುತ್ತಿರಲಿಲ್ಲ. "ಈ ಸಲ ಬಂದೀತು, ಕುಂದರು" ಎಂದು ಕಾಡಿಗೆಯ ಡಬ್ಬಿ ತಂದಿಡುತ್ತಿದ್ದರು. ರಾಜ್ಯಗಳು ಕೂಡಿ ನಾವು ಮೈಸೂರಿನವರಾದ ವರ್ಷವೂ ಹಾಗೇ ತಂದಿಟ್ಟರು. ಊರಲ್ಲಿ ಹೊರಗೆ ಬಾಜಾ ಬಾರಿಸುತ್ತಿದ್ದರು. ಅಂಗಡಿಗಳ ಹಲಗೆಗಳೆಲ್ಲ ಅಷ್ಟೊತ್ತಿಗೆ ಕನ್ನಡವಾಗಿದ್ದವು. ನಾವು ಒಳಗೆ ಕೂತು ಕಣ್ಣು ಎಷ್ಟು ದೂರ ಇರಬೇಕು ಎಂದು ವಾದ ಮಾಡುತ್ತಿದ್ದೆವು. ಆ ವರ್ಷದ ಮುಖ ಸ್ವಲ್ಪ ಹತ್ತಿರ ಬಂದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅತ್ತೆ ತಲೆ ಅಲ್ಲಾಡಿಸಿದರು. "ಅಲ್ಲ. ಆದ್ರ ಇವ ಅವನ್ನ ಕಂಡವ ಇದ್ದಂಗ ಕಾಣಸ್ತಾನ."

ಮಗಳು ಬೆಳೆದು, ಓದಿ, ಯಾದಗಿರಿಗೆ ಸೊಸೆಯಾಗಿ ಹೋದಳು. ಅವಳು ಗಂಡನ ಎದುರು ಕೂತು, ಮುಖ ನೋಡಿ, ಜೋರಾಗಿ ಜಗಳವಾಡುತ್ತಾಳೆ. ಅದನ್ನು ಮೊದಲ ಸಲ ಕಂಡಾಗ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅತ್ತೆ ನನ್ನ ಕಿವಿಯಲ್ಲಿ, "ನೋಡಲಿ ಬಿಡು, ಚಲೋತ್ನಾಗಿ ನೋಡ್ಕೊಳ್ಲಿ" ಎಂದರು.

ಅತ್ತೆಗೆ ಹೋದ ವರ್ಷ ಕಣ್ಣು ಮಂದವಾಯಿತು. ಹೊರಸು ಹಿಡಿದ ಮೇಲೆ ಅವರನ್ನು ಆ ಒಳಕೋಣೆಗೇ ತಂದೆ. ಬೆಳಕು ಗೋಡೆಯ ಮೇಲೆ ಮೂಡಿದಾಗ ಅವರಿಗೆ ಏನೋ ಒಂದಿಷ್ಟು ಕಾಣುತ್ತಿತ್ತು. ನಾನು ಪ್ರತಿ ಬೆಳಿಗ್ಗೆ ಒಂದು ಮುಖ ಬರೆದು ಕೇಳುತ್ತಿದ್ದೆ. ಅವರು ಕೈ ಚಾಚಿ ಗೋಡೆ ಮುಟ್ಟಿ, ಬೆರಳಿಗೆ ಹತ್ತಿದ ಕಾಡಿಗೆಯನ್ನು ಕಣ್ಣ ಹತ್ತಿರ ತಂದು ನೋಡಿ, "ಅಲ್ಲವಾ" ಎನ್ನುತ್ತಿದ್ದರು. ಬೇಜಾರಿಲ್ಲದೆ ಹೇಳುತ್ತಿದ್ದರು, ನಾಳೆಯೂ ಕೇಳು ಎನ್ನುವ ಹಾಗೆ. ಒಂದು ಬೆಳಿಗ್ಗೆ ನಾನು ಬರೆದು ಮುಗಿಸಿ ತಿರುಗಿದಾಗ ಅವರ ಉಸಿರು ನಿಂತಿತ್ತು. ಅವರ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಅದನ್ನು ಬರೆದಿದ್ದೇನೆ, ಒಂದೇ ಸಲಕ್ಕೆ ಬಂತು. ಮಗಳು ಬಂದು ನೋಡಿ ಅತ್ತಳು.

ಅವಳ ಅಪ್ಪನ ಮುಖ ಇನ್ನೂ ಬಂದಿಲ್ಲ. ಈಗ ಬಂದರೂ ಹೌದು ಎನ್ನಲು ಅತ್ತೆ ಇಲ್ಲ.